ಅವ್ವನ ಹೆಬ್ಬೆರಳು ಮತ್ತು ನನ್ನ ಗೇಮ್ ಬಾಯ್

ಐವತ್ತು ದಾಟಿದ ಗಂಡಸಿನ ಕೈಯಲ್ಲಿ ಏನಿದ್ದರೆ ಶೋಭೆ ಎಂಬುದನ್ನು ನಮ್ಮ ಜನ ಎಂದೋ ತೀರ್ಮಾನಿಸಿಬಿಟ್ಟಿದ್ದಾರೆ. ದಿನಪತ್ರಿಕೆ ಇರಬಹುದು, ಕಾಯಿಪಲ್ಯದ ಚೀಲ ಇರಬಹುದು, ಹೆಚ್ಚೆಂದರೆ ಬಿ.ಪಿ. ಗುಳಿಗೆಯ ಡಬ್ಬಿ. ಆಟಿಕೆ ಮಾತ್ರ ಇರಬಾರದು. ನನ್ನ ಕೈಯಲ್ಲಿ ಇರುವುದು ಅದೇ. ಮುಂಡರಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು ಸಂಜೆ ಬೆಟಗೇರಿಯ ಮನೆ ಸೇರಿ, ಚಹಾ ಕುಡಿದು, ಗೇಮ್ ಬಾಯ್ ಎಂಬ ಅಂಗೈಯಗಲದ ವಿಡಿಯೋ ಗೇಮ್ ಹಿಡಿದು ಕಿಟಕಿಯ ಪಕ್ಕ ಕೂತುಬಿಡುತ್ತೇನೆ. ಕಿಟಕಿಯೇ ಯಾಕೆಂದರೆ, ಈ ಆಟಿಕೆಯ ಪರದೆಗೆ ಸ್ವಂತ ಬೆಳಕಿಲ್ಲ. ಸೂರ್ಯ ಮುಳುಗಿದರೆ ಆಟವೂ ಮುಳುಗಿದಂತೆ. "ನಿಮ್ಮ ಸಂಜೀ ಪೂಜಿ ಮುಗೀತೇನ್ರಿ?" ಎಂದು ಹೆಂಡತಿ ಅಡಿಗೆಮನೆಯಿಂದ ಕೇಳುತ್ತಾಳೆ.

ನಾನು ಕಾಲೇಜು ಸೇರಿದಾಗ ಮುಂಬೈಯ ಸೋದರಮಾವ ತಂದುಕೊಟ್ಟದ್ದು ಅದು. ಎಂಬತ್ತರ ದಶಕದ ಕೊನೆಗೆ ಜಪಾನಿನವರು ಇದನ್ನು ಮಾರುಕಟ್ಟೆಗೆ ಬಿಟ್ಟಾಗ ಮೂಗು ಮುರಿದವರು ಬಹಳ. ಮುರಿಯದೆ ಏನು ಮಾಡಿಯಾರು? ಮೈಬಣ್ಣ ಬೂದಿಯದು, ಆಕಾರ ಬಟ್ಟೆ ಸೋಪಿನದು, ಪರದೆಯೋ ಹೆಸರುಬೇಳೆ ತೊಳೆದ ನೀರಿನಂತೆ. ಆಮೇಲೆ ಬಂದ ಬಣ್ಣದ ಪರದೆಯ ಪ್ರತಿಸ್ಪರ್ಧಿಗಳು ಮದುಮಗಳಂತೆ ಹೊಳೆಯುತ್ತಿದ್ದವು ನಿಜ, ಆದರೆ ಉಂಡದ್ದು ಅರಗುವಷ್ಟರಲ್ಲಿ ಸೆಲ್ಲುಗಳನ್ನೆಲ್ಲ ನುಂಗಿ ಕಣ್ಣು ಮುಚ್ಚುತ್ತಿದ್ದವು. ನಮ್ಮದು ಗೋಡೆ ಗಡಿಯಾರಕ್ಕೆ ಹಾಕುವಂಥ ನಾಲ್ಕೇ ಸೆಲ್ಲಿನಲ್ಲಿ ದಿನಗಟ್ಟಲೆ ಬಾಳುವ ಮಿತಾಹಾರಿ. ಕಟ್ಟಿದವರು ಹೊಸದಕ್ಕೆ ಹಾತೊರೆಯದೆ, ಹಳೆಯ, ಅಗ್ಗದ, ನಂಬಿಕೆಯ ಬಿಡಿಭಾಗಗಳಿಂದಲೇ ಕಟ್ಟಿದ್ದರು. ಈ ಬುದ್ಧಿ ನನಗೆ ತುಂಬ ಹಿಡಿಸುತ್ತದೆ. ದೇವರು ನನ್ನನ್ನೂ ಹಾಗೆಯೇ ಕಟ್ಟಿರುವಂತಿದೆ. ಬಣ್ಣದವೆಲ್ಲ ಹೇಳಹೆಸರಿಲ್ಲದೆ ಹೋದವು, ಇದು ಜಗತ್ತನ್ನೇ ಗೆದ್ದಿತು. ನನ್ನದಂತೂ ಮಾಳಿಗೆಯ ಮೆಟ್ಟಿಲಿನಿಂದ ಉರುಳಿ, ತೊಟ್ಟಿಲಲ್ಲಿದ್ದ ಮಗಳಿಂದ ಕಚ್ಚಿಸಿಕೊಂಡು, ಇಂದಿಗೂ ಸ್ವಿಚ್ ಸರಿಸಿದರೆ 'ಟಿಂಗ್' ಎನ್ನುತ್ತದೆ.

ಕಳೆದ ಚಳಿಗಾಲದಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದ ಮೇಲೆ ಎಲುಬು ಕೂಡಿತ್ತು, ಬೆರಳು ಮಾತ್ರ ಕಟ್ಟಿಗೆಯಂತೆ ನಿಂತಿದ್ದವು. ಆಯುಷ್ಯವಿಡೀ ಮಗ್ಗದ ಮೇಲೆ ಸೀರೆ ನೇಯ್ದವಳಿಗೆ ಸ್ವಂತ ಸೀರೆಯ ನಿರಿಗೆ ಹಿಡಿಯಲು ಸೊಸೆ ಬೇಕಾದಳು. ಒಂದು ಬೆಳಗ್ಗೆ ನಿರಿಗೆ ಹಿಡಿಸಿಕೊಳ್ಳುತ್ತ ಗೋಡೆಯ ಕಡೆ ಮುಖ ಮಾಡಿ ಅತ್ತದ್ದನ್ನು ಹೆಂಡತಿ ನನಗೆ ಹೇಳಿದಳು. ಫಿಸಿಯೋಥೆರಪಿಯ ಡಾಕ್ಟರು, ಚುರುಕು ಹುಡುಗಿ, ಮನೆಗೇ ಬಂದು ಹಿಸುಕಲು ಮೆತ್ತನೆಯ ಚೆಂಡು ಕೊಟ್ಟರು. "ಅಜ್ಜಿ, ಬೆರಳು ಆಡಸದಿದ್ರ ಹಿಂಗs ಗಟ್ಟಿ ಆಗಿಬಿಡ್ತಾವ ನೋಡ್ರಿ." ಅವ್ವ ಚೆಂಡನ್ನು ಬೆಕ್ಕಿನ ಕಡೆ ಉರುಳಿಸಿದಳು. ಅವಳಿಗೆ ನೋವಿಗಿಂತ ಹೆಚ್ಚಾಗಿ, ಇನ್ನು ಈ ಕೈ ಬಾರದು ಎಂಬ ಹೆದರಿಕೆಯಿತ್ತು.

ಹೀಗಿರುವಾಗ ಒಂದು ಸಂಜೆ ನಾನು ಕಿಟಕಿಯ ಬಳಿ, ಪರದೆಯಲ್ಲಿ ಮೇಲಿಂದ ಬೀಳುವ ಇಟ್ಟಿಗೆಗಳನ್ನು ಜೋಡಿಸುತ್ತಿದ್ದೆ. ಸಂದಿಲ್ಲದೆ ಒಂದು ಸಾಲು ತುಂಬಿದರೆ ಆ ಸಾಲು ಮಾಯವಾಗುತ್ತದೆ.

"ಏನೋ ಅದು, ಟುಯ್ ಟುಯ್ ಅಂತೈತಿ? ತಾ ಇಲ್ಲೆ."

"ಅವ್ವಾ, ಇದು ಆಟದ ಸಾಮಾನು."

"ಮೀಸಿ ಬೆಳ್ಳಗಾದಾಂವ ನೀ ಆಡಬಹುದು, ನಾ ಆಡಬಾರದೇನು?"

ಕೊಟ್ಟೆ. ಎಡ ಹೆಬ್ಬೆರಳಿನಿಂದ ಇಟ್ಟಿಗೆಯನ್ನು ಆಚೀಚೆ ಸರಿಸಬಹುದು. ತಿರುಗಿಸಲು ಮಾತ್ರ ಬಲ ಹೆಬ್ಬೆರಳೇ ಬೇಕು. ಅದು ಏಳದು. ಹಾಗಾಗಿ ಇಟ್ಟಿಗೆಗಳು ಹೇಗೆ ಬಂದವೋ ಹಾಗೆ ಬಿದ್ದು, ಪರದೆ ತುಂಬಿ, ಆಟ ಸತ್ತಿತು. ಮತ್ತೆ ಹಚ್ಚಿದಳು, ಮತ್ತೆ ಸತ್ತಿತು. ಉದ್ದನೆಯದಕ್ಕೆ 'ಲಟ್ಟಣಿಗಿ' ಎಂದೂ, ಚೌಕದ್ದಕ್ಕೆ 'ಮೈಸೂರಪಾಕ' ಎಂದೂ, ಕೊಂಕಿದ್ದಕ್ಕೆ 'ಕುಡಗೋಲು' ಎಂದೂ ಹೆಸರಿಟ್ಟಳು. ಮಾರನೆಯ ದಿನವೂ ಅದೇ ಪಾಡು. ಅದರ ಮರುದಿನ ಇನ್ನೇನು ತುಂಬಿಬಿಡುತ್ತದೆ ಎನ್ನುವಾಗ ಲಟ್ಟಣಿಗಿ ಅಡ್ಡಡ್ಡ ಇಳಿಯತೊಡಗಿತು. "ನಿಂದ್ರಲೇ, ನಿಂದ್ರು!" ಎನ್ನುತ್ತ ಅವ್ವ ತುಟಿ ಕಚ್ಚಿದಳು. ಲಟ್ಟಣಿಗಿ ಎದ್ದು ನೆಟ್ಟಗೆ ನಿಂತು ಸಂದಿಯೊಳಗೆ ಇಳಿಯಿತು. ನಾಲ್ಕು ಸಾಲು ಒಮ್ಮೆಲೇ ಮಾಯ.

"ತಿರುಗಿತು!" ಎಂದಳು ಅವ್ವ, ಪರದೆ ನೋಡುತ್ತ.

"ಹೂಂ, ತಿರುಗಿತು," ಎಂದೆ ನಾನು. ನಾನು ನೋಡುತ್ತಿದ್ದದ್ದು ಅವಳ ಹೆಬ್ಬೆರಳನ್ನು.

ಅಂದಿನಿಂದ ಕಿಟಕಿಯೂ ಅವಳದೇ, ಗೇಮ್ ಬಾಯೂ ಅವಳದೇ. ನನಗೆ ಉಳಿದದ್ದು ಅವಳ ಹೆಗಲ ಮೇಲಿಂದ ಬಗ್ಗಿ ಸಲಹೆ ಕೊಡುವ ಕೆಲಸ. "ಅವ್ವಾ, ಎಡಕ್ಕ! ಎಡಕ್ಕ!" "ಸುಮ್ಕಿರಲೇ, ಸಾಲ್ಯಾಗ ಹೇಳು ಹೋಗು." ಲಕ್ಷ್ಮೇಶ್ವರದಿಂದ ಬಂದ ನನ್ನ ತಂಗಿಗೆ ಅವಳು ಹೇಳಿದ ಮಾತು ಇನ್ನೂ ಚುಚ್ಚುತ್ತದೆ: "ನಿಮ್ಮಣ್ಣಗ ಇದು ಅಷ್ಟು ಬರೂದಿಲ್ಲವಾ. ಗಡಿಬಿಡಿ ಮಾಡ್ತಾನ." ಮೂವತ್ತು ವರ್ಷ ಮೀರಿದ ನನ್ನ ಸಾಧನೆಗೆ ಸಾಕ್ಷಿಯೂ ಇಲ್ಲ, ಬಂದ್ ಮಾಡಿದ ಕೂಡಲೇ ಎಲ್ಲ ದಾಖಲೆ ಮರೆಯುವ ಆಟ ಅದು.

ಬೇಸಗೆ ಬರುವ ಹೊತ್ತಿಗೆ ಅವ್ವ ತನ್ನ ಇಳಕಲ್ ಸೀರೆಯ ನಿರಿಗೆ ತಾನೇ ಹಿಡಿದುಕೊಂಡು, ಡಾಕ್ಟರ ದಾರಿ ಕಾಯದೆ, ತಾನೇ ಅವರ ದವಾಖಾನೆಗೆ ಹೊರಟಳು. ಹಿಂದೆ ನಾನೂ ಹೋದೆ. ಡಾಕ್ಟರು ಬೆರಳು ಒಂದೊಂದನ್ನೇ ಮಡಚಿ ನೋಡಿ, "ಅಜ್ಜಿ, ಏನ್ ಮಾಡಿದ್ರಿ? ಭಾಳ ಚಲೋ ಆಗೈತ್ರಿ!" ಎಂದರು. ನಾನು ಹೆಮ್ಮೆಯಿಂದ ಗೇಮ್ ಬಾಯ್ ತೆಗೆದು ತೋರಿಸಿ, ಅದರ ಚರಿತ್ರೆ, ಗಟ್ಟಿತನ, ಸೆಲ್ಲಿನ ಮಿತವ್ಯಯ ಎಲ್ಲವನ್ನೂ ವಿವರಿಸಿದೆ. ಅವರು ಶಾಂತವಾಗಿ ಕೇಳಿಸಿಕೊಂಡರು. ಆದರೆ ನೋಡುತ್ತಿದ್ದದ್ದು ಆಟಿಕೆಯನ್ನಲ್ಲ, ನನ್ನನ್ನು.

"ಸರ್, ಅಜ್ಜಿದು ಆತು ಬಿಡ್ರಿ. ನೀವು ಯಾಕ ಒಂದs ಕಡೆ ಸೊಟ್ಟ ನಿಂತೀರಿ? ಕುತ್ತಿಗಿ ಹಿಡದೈತೇನು?"

ಹಿಡಿದಿತ್ತು. ಹೆಗಲ ಮೇಲಿಂದ ಬಗ್ಗಿ ಬಗ್ಗಿ ಸಲಹೆ ಕೊಟ್ಟದ್ದರ ಫಲ. ಸೋಮವಾರದಿಂದ ನನಗೆ ಚಿಕಿತ್ಸೆ ಶುರುವಾಗಿದೆ. ಡಾಕ್ಟರು ಕುತ್ತಿಗೆಗೆ ಬಿಳಿ ಪಟ್ಟಿ ಹಾಕಿ, ಕೆಳಗೆ ನೋಡುವುದನ್ನೇ ನಿಷೇಧಿಸಿದ್ದಾರೆ. ಸಂಜೆ ಅವ್ವ ಕಿಟಕಿಯ ಪಕ್ಕ ಆಡುತ್ತಾಳೆ. ನಾನು ಎದುರಿನ ಕುರ್ಚಿಯಲ್ಲಿ ತಲೆಯೆತ್ತಿ ತೊಲೆ ನೋಡುತ್ತ ಕೂತು, ಕಾಣದ ಇಟ್ಟಿಗೆಗಳಿಗೆ "ಎಡಕ್ಕ, ಎಡಕ್ಕ" ಎನ್ನುತ್ತಿರುತ್ತೇನೆ.