ಕೈ ಇಲ್ಲದ ಸ್ವೆಟರ್

ಕೆಲವರ ಕೆಲಸಗಳು ಸದ್ದಿಲ್ಲದೆ ಮುಗಿಯುತ್ತವೆ. ನಾನು ಸೂಜಿಗೆ ದಾರ ಪೋಣಿಸಿದರೂ ಅದೊಂದು ಪ್ರಸಂಗವಾಗಿ, ಸಂಜೆಯೊಳಗೆ ಪಡೀಲಿನ ನಮ್ಮ ಓಣಿಯ ಕೊನೆಯ ಮನೆಯವರೆಗೆ ಹೋಗಿ ಮುಟ್ಟುತ್ತದೆ. ಇದಕ್ಕೆ ಮದ್ದಿಲ್ಲವೆಂದು ನಾನು ಎಂದೋ ಒಪ್ಪಿಕೊಂಡಿದ್ದೇನೆ.

ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಟೀಚರಾಗಿದ್ದವಳು ನಾನು. ಕ್ರೋಶಾ ಕಡ್ಡಿ ಹಿಡಿದು ಮೇಜಿಗೆ, ರೇಡಿಯೋಗೆ, ಕುರ್ಚಿಯ ಬೆನ್ನಿಗೆ, ಕೊನೆಗೆ ನೀರಿನ ಹೂಜಿಗೂ ಮುಸುಕು ಮಾಡಿ ಹಾಕಿದ್ದೇನೆ. ಇವು ಯಾವುವೂ ನನ್ನನ್ನು ದಣಿಸಲಿಲ್ಲ. ದಣಿಸಿದ್ದು ಒಂದೇ ಒಂದು ಸ್ವೆಟರ್.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ನಮ್ಮವರಿಗೆ ಆಫೀಸರ್ ಪ್ರಮೋಷನ್ ಬಂತು. ಪ್ರಮೋಷನ್ ಒಂಟಿಯಾಗಿ ಬರುವುದಿಲ್ಲ, ಟ್ರಾನ್ಸ್‌ಫರನ್ನು ಬಗಲಲ್ಲಿ ಇಟ್ಟುಕೊಂಡೇ ಬರುತ್ತದೆ ಎಂಬುದು ಮಂಗಳೂರಿನ ಯಾವ ಮನೆಯವರಿಗೂ ಗೊತ್ತು. ಹಾಕಿದ್ದು ಉತ್ತರದ ಒಂದು ಊರಿಗೆ. ಚಳಿಗಾಲದಲ್ಲಿ ಅಲ್ಲಿ ಬಕೆಟಿನ ನೀರಿನ ಮೇಲೆ ಕೆನೆ ಕಟ್ಟಿದ ಹಾಗೆ ಮಂಜು ಕಟ್ಟುತ್ತದಂತೆ. ನಮ್ಮವರೋ, ಫ್ಯಾನನ್ನು ಎರಡನೇ ನಂಬರಿಗೆ ಇಟ್ಟರೆ ಸೀನುವ ಮನುಷ್ಯ. ನನ್ನ ನೌಕರಿ, ಮಕ್ಕಳ ಶಾಲೆ ಬಿಟ್ಟು ನಾವು ಜೊತೆಗೆ ಹೋಗುವ ಹಾಗಿರಲಿಲ್ಲ. ಹೋಗಬೇಡಿ ಎನ್ನಲು ಬಾಯಿ ಬರಲಿಲ್ಲ. ಅದರ ಬದಲು, ದೀಪಾವಳಿ ಕಳೆದು ಅವರು ಹೊರಡುವುದರೊಳಗೆ ಒಂದು ದಪ್ಪ ಸ್ವೆಟರ್ ಮಾಡಿ ಮೈಗೆ ಹಾಕಿಯೇ ಕಳಿಸುತ್ತೇನೆ ಎಂದು ಹಟ ಹಿಡಿದೆ.

ಉಲ್ಲನ್ ಬಂದದ್ದು

ಸ್ವೆಟರಿಗೆ ಉಲ್ಲನ್ ಬೇಕಲ್ಲ? ಹಂಪನಕಟ್ಟೆಯ ಅಂಗಡಿಗಳಲ್ಲೆಲ್ಲ ಕೇಳಿದೆ. ಒಬ್ಬರ ಹತ್ತಿರ ಹಸುಗೂಸುಗಳ ಟೋಪಿಗಾಗುವಷ್ಟು ತೆಳು ಉಲ್ಲನ್ ಇತ್ತು. ಇನ್ನೊಬ್ಬರು ನನ್ನನ್ನೂ ಹೊರಗಿನ ಬಿಸಿಲನ್ನೂ ಒಮ್ಮೆ ನೋಡಿ, "ದಪ್ಪದ್ದಾ? ಎಂತಕ್ಕೆ?" ಎಂದು ಕೇಳಿದರು. ನಾನು ಸೆರಗಿನಲ್ಲಿ ಬೆವರು ಒರೆಸಿಕೊಂಡು ಮುಂದಿನ ಅಂಗಡಿಗೆ ನಡೆದೆ.

ಕೊನೆಗೆ ಉಲ್ಲನ್ ಸಿಕ್ಕಿದ್ದು ಪಕ್ಕದ ಮನೆಯಲ್ಲಿ. ಅದು ಬ್ಯಾರಿ ಮುಸ್ಲಿಮರ ಮನೆ. ಆ ಮನೆಯ ಯಜಮಾನಿ ನನಗಿಂತ ಹಿರಿಯರು, ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರ ಗಂಡ ಗಲ್ಫಿನಲ್ಲಿ ಅಂಗಡಿ ಇಟ್ಟುಕೊಂಡಿದ್ದರು. ರಜೆಯಲ್ಲಿ ಬರುವಾಗ ತಂದ ಪೆಟ್ಟಿಗೆಯ ತಳದಲ್ಲಿ ಗಿಳಿಹಸಿರು ಬಣ್ಣದ, ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಕಡಿಮೆ ದಪ್ಪದ ಉಲ್ಲನಿನ ಉಂಡೆಗಳಿದ್ದವು. ಯಾಕೆ ತಂದರೆಂದು ಅವರಿಗೂ ಗೊತ್ತಿರಲಿಲ್ಲ. ಅಕ್ಕ ಅಷ್ಟನ್ನೂ ಕಾಂಪೌಂಡ್ ಗೋಡೆಯ ಮೇಲಿಂದ ನನ್ನ ಕೈಗೆ ದಾಟಿಸಿದರು.

"ಅಲ್ಲ ಅಕ್ಕ, ಮರುಭೂಮಿಯಲ್ಲಿ ಇಷ್ಟು ದಪ್ಪದ ಉಲ್ಲನ್ ಹೇಗೆ ಸಿಗ್ತದೆ?" ಎಂದು ಕೇಳಿದೆ.

"ಅಲ್ಲಿ ಎಲ್ಲ ಸಿಗ್ತದೆ ಮಾರಾಯ್ತಿ," ಎಂದರು ಅಕ್ಕ. "ಚಳಿ ಒಂದು ಸಿಗುದಿಲ್ಲ."

ಕೊಕ್ಕೆ

ನನ್ನ ಕ್ರೋಶಾ ಕಡ್ಡಿಗಳೆಲ್ಲ ಬೆಂಕಿಕಡ್ಡಿಯಷ್ಟು ಸಪೂರ. ಆ ಗಲ್ಫಿನ ಉಲ್ಲನ್ ಎದುರು ಅವು ನಾಚಿ ಬಗ್ಗಿಹೋದವು. ದಪ್ಪ ಕಡ್ಡಿ ಅಂಗಡಿಯಲ್ಲಿ ಇರಲಿಲ್ಲ. ಮರದ್ದನ್ನೇ ಮಾಡಿಸೋಣವೆಂದು, ನಮ್ಮ ಮನೆಯ ಬಾಗಿಲು ಮಾಡಿದ ಆಚಾರಿಯ ಹತ್ತಿರ ಹೋದೆ.

"ಒಂದು ಕೊಕ್ಕೆ ಬೇಕಿತ್ತು. ದಪ್ಪದ್ದು."

"ಮಾವಿನಕಾಯಿಗಾ ಅಕ್ಕ, ಹಲಸಿಗಾ?"

"ಎರಡಕ್ಕೂ ಅಲ್ಲ. ಸ್ವೆಟರಿಗೆ."

ಆಚಾರಿ ಗಂಭೀರವಾಗಿ ತಲೆಯಾಡಿಸಿದ. ಶನಿವಾರ ತಾನೇ ಬಂದು, ನಾನು ಶಾಲೆಯಿಂದ ಬರುವಷ್ಟರಲ್ಲಿ ಚಾವಡಿಯ ಗೋಡೆಗೆ ಒಂದು ಗೂಟ ಹೊಡೆದು ಹೋಗಿದ್ದ. ತುದಿಯಲ್ಲಿ ಹೂವಿನ ಕೆತ್ತನೆ, ಮೇಲೆ ಪಾಲಿಶ್. ಸ್ವೆಟರ್ ತೂಗುಹಾಕಲು. ಕೋಟಿನ ಭಾರವನ್ನೂ ತಡೆಯುತ್ತದೆ ಎಂದು ಮನೆಯಲ್ಲಿದ್ದ ಅತ್ತೆಯ ಹತ್ತಿರ ಹೇಳಿ ಹೋಗಿದ್ದನಂತೆ.

ನಾನು ಸಪೂರ ಕಡ್ಡಿಯೊಂದನ್ನು ಮಾದರಿಗೆ ಹಿಡಿದುಕೊಂಡು ಪುನಃ ಹೋದೆ. ಈ ಸಲ ಸರಿಯಾದದ್ದನ್ನೇ ಮಾಡಿ, ಅದರಿಂದ ನಾನು ಎಂತ ಮಾಡುತ್ತೇನೆಂದು ನೋಡಲು ಎದುರಿನಲ್ಲೇ ಕೂತ. ಒಂದು ಕೊಂಡಿ ಎಳೆದೆ, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಬಹಳ ಹೊತ್ತು ನೋಡಿದ ಮೇಲೆ ಆಚಾರಿ ಮರುಕದಿಂದ ಹೇಳಿದ: "ಇಷ್ಟು ಕಷ್ಟ ಯಾಕೆ ಅಕ್ಕ? ಹೇಳಿದ್ದರೆ ಸ್ವೆಟರನ್ನೇ ಮರದಲ್ಲಿ ಮಾಡಿ ಕೊಡ್ತಿದ್ದೆ."

ಹಸಿರು ಮೀನು

ಮನೆಯಲ್ಲಿ ಪುರುಸೊತ್ತು ಸಿಗದ ಕಾರಣ ಸಿಟಿ ಬಸ್ಸಿನಲ್ಲಿ ಹೋಗುತ್ತ ಬರುತ್ತ ಹೆಣೆಯಲು ಶುರುಮಾಡಿದೆ. ಅಕ್ಟೋಬರದ ಸೆಕೆಯಲ್ಲಿ ಆ ಉಲ್ಲನ್ ಮಡಿಲಲ್ಲಿದ್ದರೆ ಬಿಸಿ ಅನ್ನದ ಪಾತ್ರೆ ಇಟ್ಟುಕೊಂಡ ಹಾಗೆ. ಪಕ್ಕದಲ್ಲಿ ಕೂತವರು ಎದ್ದು ನಿಲ್ಲುತ್ತಿದ್ದರು.

ಒಂದು ಸಂಜೆ ಬಸ್ಸು ತಿರುವಿನಲ್ಲಿ ವಾಲಿದಾಗ ಉಂಡೆ ಉರುಳಿ ಹಿಂದಕ್ಕೆ ಹೋಯಿತು. ಎಳೆದೆ, ಬರಲಿಲ್ಲ. ಕಂಡಕ್ಟರ್ ನೂಲು ಹಿಡಿದುಕೊಂಡೇ ಹಿಂದೆ ಹೋಗಿ, ಹಿಂದಿನ ಸೀಟಿನ ಬಳಿ ಇದ್ದ ಮೀನಿನ ಬುಟ್ಟಿಯನ್ನು ತೋರಿಸಿದ. ಮೀನು ಮಾರುವಾಕೆ ಉಂಡೆಯನ್ನು ಬಂಗುಡೆಗಳ ನಡುವಿನಿಂದ ಎತ್ತಿ ಕೊಡುತ್ತ ನನ್ನ ಮೇಲೆಯೇ ರೇಗಿದಳು.

"ಇದು ನಿಮ್ಮದು ಅಂತ ಮೊದಲೇ ಹೇಳ್ಬಾರ್ದಾ ಅಕ್ಕ? ಇಲ್ಲಿ ಒಬ್ರು ರೇಟು ಕೇಳಿ ಆಯ್ತು!"

ಜ್ವರ

ಮೈ ಮುಗಿಯಿತು. ಕುತ್ತಿಗೆಯ ಅಳತೆ ನೋಡಬೇಕಿತ್ತು. ಒಂದು ಭಾನುವಾರ ನಮ್ಮವರನ್ನು ಜಗಲಿಯಲ್ಲಿ ನಿಲ್ಲಿಸಿ ಸ್ವೆಟರ್ ತೊಡಿಸಿದೆ. ಗಿಳಿಹಸಿರಿನೊಳಗಿಂದ ಮುಖ ಮಾತ್ರ ಹೊರಗೆ. ಎರಡೇ ನಿಮಿಷಕ್ಕೆ ಹಣೆಯಿಂದ ಬೆವರು ಇಳಿಯತೊಡಗಿತು, ಸೆಕೆಗೆ ಕಣ್ಣು ಅರೆಮುಚ್ಚಿತು.

"ಬೇಗ ಮಾಡು ಮಾರಾಯ್ತಿ, ಬೇಯ್ತಾ ಇದ್ದೇನೆ."

ಅಷ್ಟರಲ್ಲಿ ಓಣಿಯಲ್ಲಿ ಹೋಗುತ್ತಿದ್ದ ಹಾಲಿನವನು ನಿಂತು ನೋಡಿ, ನೇರ ಎದುರುಮನೆಗೆ ಹೋದ. ಮಂಗಳೂರಿನಲ್ಲಿ ಮಟಮಟ ಮಧ್ಯಾಹ್ನ ಉಲ್ಲನ್ ಹಾಕಿ ಕಣ್ಣು ಮುಚ್ಚಿ ನಿಂತವನಿಗೆ ಏನಾಗಿರಬಹುದು? ಚಳಿಜ್ವರ. ಅರ್ಧ ಗಂಟೆಯೊಳಗೆ ಎದುರುಮನೆಯವರು ಬ್ರೆಡ್ಡು ತಂದರು. ಪಕ್ಕದ ಅಕ್ಕ ಶುಂಠಿ ಕಷಾಯ ಕಳಿಸಿದರು. ಮನೆ ಅಲ್ಲೇ ಹತ್ತಿರವಿದ್ದ ಬ್ಯಾಂಕಿನ ಮ್ಯಾನೇಜರು ಮುಸುಂಬಿ ಹಿಡಿದುಕೊಂಡು ಬಂದು, "ಜಾಯಿನಿಂಗ್ ಡೇಟಿಗೆ ತೊಂದರೆ ಇಲ್ಲವಲ್ಲ?" ಎಂದು ಕಾಳಜಿಯಿಂದ ವಿಚಾರಿಸಿದರು.

ಜ್ವರವಿಲ್ಲ ಎಂದು ನಾನು ಹೇಳುವುದು, ಇವರ ಮೈ ಮುಟ್ಟಿ ನೋಡಿ ಅವರು ಇನ್ನಷ್ಟು ಗಾಬರಿಯಾಗುವುದು. ಆ ಗದ್ದಲದಲ್ಲಿ ಕುತ್ತಿಗೆಯ ಅಳತೆ ಅಲ್ಲಿಗೇ ನಿಂತಿತು. ಮತ್ತೊಮ್ಮೆ ತೊಡಲು ಇವರು ಒಪ್ಪಲಿಲ್ಲ. ಅಂದಾಜಿನಲ್ಲೇ ಕುತ್ತಿಗೆ ಮುಗಿಸಿದೆ, ಅದು ದೊಗಲೆಯಾಗಿ ಹೋಯಿತು.

ನಮ್ಮವರು ಮಾತ್ರ ಮುಸುಂಬಿ ಸುಲಿಯುತ್ತ ಹೇಳಿದರು: "ಬರುವ ಭಾನುವಾರ ಪ್ಯಾಂಟಿನ ಅಳತೆ ತೆಗಿ. ಸೇಬು ತರಬಹುದು."

ಕೈ ಬಿಟ್ಟದ್ದು

ಅಕ್ಕ ಕೊಟ್ಟ ಉಲ್ಲನ್ ಮೈಗೆ ಸರಿಯಾಗಿ ಖರ್ಚಾಗಿತ್ತು. ಕೈಗೆ ಒಂದು ಗೇಣು ನೂಲೂ ಉಳಿದಿರಲಿಲ್ಲ. ನಾನು ಧೈರ್ಯ ಮಾಡಿ, "ಇದು ಸ್ಲೀವ್‌ಲೆಸ್, ಈಗಿನ ಫ್ಯಾಷನ್" ಎಂದುಬಿಟ್ಟೆ. ಓಣಿಯವರು ನಂಬಲಿಲ್ಲ. "ಕೈ ಯಾವಾಗ?" ಎಂದು ದಿನಾ ಕೇಳುವವರು. ಅತ್ತೆಯಂತೂ ಕೇಳುವುದನ್ನೂ ಬಿಟ್ಟು ನಿಟ್ಟುಸಿರಿಗೆ ಇಳಿದಿದ್ದರು. ಆಫೀಸರಾದ ಮಗನನ್ನು ಸೊಸೆ ಅರ್ಧ ಸ್ವೆಟರಿನಲ್ಲಿ ಕಳಿಸುತ್ತಾಳಲ್ಲ ಎಂಬ ಸಂಕಟ ಅವರಿಗೆ.

ನಮ್ಮ ಶಾಲೆಯ ಹೆಡ್‌ಮಿಸ್ಟ್ರೆಸ್ ಘಟ್ಟದ ಮೇಲಿನವರು. ಒಂದು ಸಂಜೆ ಅವರು ಕೊಟ್ಟಾರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅತ್ತೆ ಸಿಕ್ಕಿದ್ದಾರೆ. ಮನೆಯಲ್ಲಿ ನಮ್ಮದು ತುಳು. ಅತ್ತೆಯ ಕನ್ನಡ ದೊಡ್ಡವರ ಜೊತೆ ಮಾತಾಡಲು ತೆಗೆದಿಟ್ಟದ್ದು. ಅದನ್ನು ಆ ಸಂಜೆ ಹೊರಗೆ ತೆಗೆದರು.

ಮರುದಿನ ಹೆಡ್‌ಮಿಸ್ಟ್ರೆಸ್ ನನ್ನನ್ನು ಕೋಣೆಗೆ ಕರೆಸಿ ಬಾಗಿಲು ಮುಚ್ಚಿಸಿದರು. ಅವರ ಕಣ್ಣು ತುಂಬಿತ್ತು.

"ನೋಡಮ್ಮ, ನಿನ್ನನ್ನ ನಾನು ಮಗಳ ಥರ ನೋಡಿದೀನಿ. ಯಜಮಾನರು ಅಷ್ಟು ದೂರ ಹೊರಟಿದಾರೆ. ಈ ಹೊತ್ತಲ್ಲಿ ನೀನು ಕೈ ಬಿಟ್ಟರೆ ಹೇಗೆ?"

"ಎಂತ ಮಾಡುದು ಮೇಡಂ," ಎಂದೆ ನಾನು, ಅಷ್ಟು ದಿನ ಕೇಳಿ ಕೇಳಿ ಸುಸ್ತಾದ ದನಿಯಲ್ಲಿ. "ನಾನಾಗಿ ಬಿಟ್ಟದ್ದಲ್ಲ. ಇದ್ದದ್ದೇ ಅಷ್ಟು."

"ಫ್ಯಾಷನ್ ಅಂದೆಯಂತೆ! ನಿಮ್ಮತ್ತೆ ಹೇಳಿ ಅತ್ತರು ಕಣಮ್ಮ."

"ಹೌದು ಮೇಡಂ, ಈಗ ಎಲ್ಲರೂ ಬಿಡ್ತಾರೆ."

ಅವರು ಎದೆ ಮುಟ್ಟಿಕೊಂಡು ಕುರ್ಚಿಗೆ ಒರಗಿದರು. ಆಮೇಲೆ ಮೆಲ್ಲಗೆ, "ಏನು ಕಡಿಮೆ ಆಯ್ತಮ್ಮ ಆ ಮನುಷ್ಯನಲ್ಲಿ?" ಎಂದರು.

ನಾನು ಹೇಳಿದೆ: "ಉಲ್ಲನ್ ಮೇಡಂ."

ಕುತ್ತಿಗೆ

ಅಂತೂ ನಮ್ಮವರು ಹೊರಟರು. ರೈಲು ಹತ್ತಿಸುವಾಗ ಸ್ವೆಟರ್ ಬ್ಯಾಗಿನ ಮೇಲೆಯೇ ಇತ್ತು, ಬಂಗುಡೆಯ ವಾಸನೆ ಪೂರ್ತಿ ಹೋಗಿರಲಿಲ್ಲ. ಆಚೆ ಹೋದ ಮೇಲೆ ಅದನ್ನು ತೊಡುತ್ತಾರೋ, ಯಾರಾದರೂ ನಕ್ಕಾರೆಂದು ಪೆಟ್ಟಿಗೆಯ ತಳಕ್ಕೆ ಸೇರಿಸುತ್ತಾರೋ ಎಂಬ ಚಿಂತೆ ನನ್ನನ್ನು ಬಿಡಲಿಲ್ಲ. ಕೇಳಿದರೆ "ತೊಡ್ತೇನೆ" ಎಂದಾರು. ಗಂಡಂದಿರು ಎಲ್ಲದಕ್ಕೂ ಹಾಗೆಯೇ ಅನ್ನುತ್ತಾರೆ. ಅವರಿಲ್ಲದ ಮನೆಯಲ್ಲಿ ಫ್ಯಾನನ್ನು ಐದನೇ ನಂಬರಿಗೆ ಇಡಬಹುದಿತ್ತು. ನನಗೆ ಅದೂ ಬೇಡವಾಗಿತ್ತು.

ಎರಡನೆಯ ಚಳಿಗಾಲದ ನಡುವೆ ಅವರು ಊರಿಗೆ ಬಂದರು. ಚಳಿಗಾಲ ಅಲ್ಲಿಯದು. ನಮ್ಮಲ್ಲಿ ಯಥಾಪ್ರಕಾರ ಸೆಕೆ. ಆಟೋದಿಂದ ಇಳಿದ ಮನುಷ್ಯನನ್ನು ನೋಡಿ ನಾನು ಜಗಲಿಯಲ್ಲೇ ನಿಂತುಬಿಟ್ಟೆ. ಗಿಳಿಹಸಿರು ಸ್ವೆಟರ್ ಮೈಮೇಲೆ! ಮುಖ ಕೆಂಪಗೆ, ಬೆವರು ಧಾರಾಕಾರ.

"ಎಂತ, ಪುನಃ ಜ್ವರವಾ?" ಎಂದರು ಗೋಡೆಯಾಚೆಯಿಂದ ಅಕ್ಕ.

"ಜ್ವರ ಅಲ್ಲ," ಎಂದರು ನಮ್ಮವರು. "ತೆಗೀಲಿಕ್ಕೆ ಆಗುದಿಲ್ಲ."

ನಡೆದದ್ದು ಇಷ್ಟು. ಅಲ್ಲಿ ಇವರು ಬಾಡಿಗೆಗಿದ್ದ ಮನೆಯಲ್ಲಿ ಒಬ್ಬರು ಅಜ್ಜಿ. ಒಂದೂವರೆ ಚಳಿಗಾಲ ಈ ದೊಗಲೆ ಕುತ್ತಿಗೆಯನ್ನು ನೋಡಿ ನೋಡಿ ಅವರ ಹೊಟ್ಟೆ ಉರಿದಿತ್ತು. ಹೊರಡುವ ಬೆಳಿಗ್ಗೆ ಇವರನ್ನು ನಿಲ್ಲಿಸಿ, ಮೈಮೇಲೆ ಇದ್ದ ಹಾಗೆಯೇ, ತಮ್ಮ ನೂಲಿನಿಂದ ಕುತ್ತಿಗೆಯ ಸುತ್ತ ಬಿಗಿಯಾಗಿ ನಾಲ್ಕು ಸುತ್ತು ಹೆಣೆದು ಗಂಟು ಕಟ್ಟಿದ್ದಾರೆ. ಗಾಳಿ ಹೋಗುವಷ್ಟೂ ಸಂದಿ ಉಳಿಯಲಿಲ್ಲ. ತಲೆ ಹೊರಗೆ ಬರುವ ದಾರಿ ಇಲ್ಲವೆಂಬುದು ಇವರಿಗೆ ಗೊತ್ತಾದದ್ದು ರೈಲು ದಕ್ಷಿಣಕ್ಕೆ ಇಳಿದು ಸೆಕೆ ಶುರುವಾದ ಮೇಲೆ.

"ರೈಲಿನಲ್ಲಿ ಯಾರ ಹತ್ರವೂ ಕತ್ತರಿ ಇರ್ಲಿಲ್ವಾ?" ಎಂದು ಕೇಳಿದೆ.

"ಇತ್ತು. ಒಬ್ರು ಕತ್ತರಿ ಹಿಡ್ಕೊಂಡು ಎದ್ದೇ ನಿಂತಿದ್ರು. ನಾನೇ ಬೇಡ ಅಂದೆ. ನೀನು ಮಾಡಿದ್ದು ಅಲ್ವಾ?"

ನನಗೆ ಅಳು ಬಂತು. ಆಚಾರಿಯ ಕೊಕ್ಕೆಯಿಂದ ಹಿಡಿದು ಮೀನಿನ ಬುಟ್ಟಿಯವರೆಗೆ ಪಟ್ಟ ಪಾಡೆಲ್ಲ ಆ ಒಂದು ಮಾತಿನಲ್ಲಿ ಸಂದಾಯವಾದ ಹಾಗೆ ಅನಿಸಿತು.

"ಅಳುದು ಮತ್ತೆ," ಎಂದರು ಅತ್ತೆ. "ಮೊದಲು ಅವನನ್ನು ಹೊರಗೆ ತೆಗಿ."

ಸ್ಟೂಲಿನ ಮೇಲೆ ಕೂರಿಸಿ ಅಜ್ಜಿಯ ಗಂಟನ್ನು ಹುಡುಕಿದೆ. ಎಂಥ ಗಂಟು! ಅದನ್ನು ಬಿಚ್ಚಿ ನಾಲ್ಕು ಸುತ್ತು ಎಳೆದು ತೆಗೆಯುವಷ್ಟರಲ್ಲಿ ಓಣಿಯವರೆಲ್ಲ ಅಂಗಳಕ್ಕೆ ಬಂದಾಗಿತ್ತು. ತಲೆ ಹೊರಬಂದಾಗ ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಅಕ್ಕ ಮನೆಗೆ ಓಡಿಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮಡಿಲಿಗೆ ಹಾಕಿದರು. ಒಳಗೆ ಅದೇ ಗಿಳಿಹಸಿರು ಉಂಡೆಗಳು.

"ಕೈಗೆ," ಎಂದರು ಅಕ್ಕ. "ನಮ್ಮವರಿಗೆ ಹೇಳಿ ಹೇಳಿ ತರಿಸಿದ್ದು. ಈ ಓಣಿಯವರ ಪ್ರಶ್ನೆ ಕೇಳಿ ನನಗೂ ಸಾಕಾಯ್ತು."

"ಇನ್ನು ಕೈ ಬೇಡ," ಎಂದರು ನಮ್ಮವರು, ಫ್ಯಾನಿಲ್ಲದ ಅಂಗಳದಲ್ಲಿ ಬರಿಮೈಯಲ್ಲಿ ಗಾಳಿ ಕುಡಿಯುತ್ತ. "ವಾಪಸ್ ಹಾಕಿದ್ದಾರೆ. ಬರುವ ತಿಂಗಳಿಂದ ವಾಮಂಜೂರು ಬ್ರಾಂಚ್. ಇಳಿದ ಕೂಡಲೇ ಹೇಳುವಾ ಅಂತ ಬಂದದ್ದು, ಈ ಕುತ್ತಿಗೆ ಬಿಡ್ಲಿಲ್ಲ."

ವಾಮಂಜೂರು! ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಬಸ್ಸು ಹತ್ತಿದರೆ ಸಂಜೆ ಚಹಾಕ್ಕೆ ಮನೆಗೆ. ಇನ್ನು ಚಳಿಯೂ ಇಲ್ಲ, ರೈಲೂ ಇಲ್ಲ, ಸ್ವೆಟರೂ ಬೇಡ. ಸ್ವೆಟರನ್ನು ಆಚಾರಿ ಹೊಡೆದ ಗೂಟಕ್ಕೆ ಶಾಶ್ವತವಾಗಿ ತೂಗುಹಾಕಿಬಿಡೋಣವೆಂದು ಒಳಗೆ ಹೊರಟೆ.

ಅತ್ತೆ ಬಾಗಿಲಲ್ಲಿ ಅಡ್ಡ ನಿಂತರು. ನಾನು ಅಂಗಳದಲ್ಲಿ ಬಿಟ್ಟಿದ್ದ ಉಲ್ಲನಿನ ಚೀಲವನ್ನು ನನ್ನ ಕೈಗೆ ಕೊಟ್ಟು ಹೇಳಿದರು:

"ವಾಮಂಜೂರಿನಲ್ಲಿ ಗದ್ದೆ ಉಂಟು. ಬೆಳಿಗ್ಗೆ ಚಳಿ ಆಗ್ತದೆ. ಈಗಲಾದ್ರೂ ಕೈ ಇಡು."