ಸೋದರತ್ತೆಯವರ ಕಂಪ್ಯೂಟರಿನ ಅರ್ಹತೆ, ಆಸನ ಮತ್ತು ಬೀಳ್ಕೊಡುಗೆ ಕುರಿತು

ಜನನ ನೋಂದಣಿ ಕೌಂಟರ್, ಫೊನುವಾಲಿಕಿ ದ್ವೀಪ, ತೊಂಗಾ
(ಇಲಾಖೆಯ ಹೆಸರಿನ ಫಲಕವು ಕಳೆದ ಚಂಡಮಾರುತದಲ್ಲಿ ಹಾರಿಹೋಗಿದ್ದು, ಹೊಸ ಫಲಕ ಬರುವವರೆಗೆ ಇಲಾಖೆಯ ಹೆಸರನ್ನು ಬಳಸತಕ್ಕದ್ದಲ್ಲ.)

ಸಂಖ್ಯೆ: ಫೊನು/ಜನೋಂ/ಅತ್ತೆ/09/2025
ದಿನಾಂಕ: 27 ಜೂನ್ 2025

ಸುತ್ತೋಲೆ

ವಿಷಯ: ಹಳೆಯ ಕಂಪ್ಯೂಟರಿನಲ್ಲಿ ಹೊಸ ಆಪರೇಟಿಂಗ್ ಸಿಸ್ಟಂ ನಡೆಯುವುದೇ ಎಂಬ ಪ್ರಶ್ನೆಯನ್ನು ಕೇಳಬಹುದೇ ಎಂಬ ಬಗ್ಗೆ.

ಉಲ್ಲೇಖ:
1. ರಾಜಧಾನಿಯ ಕೇಂದ್ರ ಕಚೇರಿಯ ಪತ್ರ, ದಿ. 5.5.2025.
2. ಕಂಪ್ಯೂಟರ್ ಪರದೆಯ ಮೇಲೆ ಮೂಡಿದ ಅವಿಧೇಯ ಸಂದೇಶ, ದಿ. 12.5.2025.
3. ಸೋದರತ್ತೆಯವರ ಮೌಖಿಕ ಆದೇಶ, ದಿ. 23.6.2025.

ಪೀಠಿಕೆ:
ಉಲ್ಲೇಖ 1ರ ಪತ್ರದಲ್ಲಿ, ಜೂನ್ 30ರೊಳಗೆ ಹೊಸ ಆಪರೇಟಿಂಗ್ ಸಿಸ್ಟಂ ಮೇಲೆ ಕೆಲಸ ನಡೆಸದ ಕೌಂಟರುಗಳನ್ನು ಮುಚ್ಚಲಾಗುವುದೆಂದು ತಿಳಿಸಲಾಗಿದೆ. ಈ ಕೌಂಟರ್ ಮುಚ್ಚಿದಲ್ಲಿ ದ್ವೀಪದ ಬಾಣಂತಿಯರು ಮಗುವಿನ ಹೆಸರು ಬರೆಸಲು ಹನ್ನೆರಡು ಗಂಟೆ ದೋಣಿಯಲ್ಲಿ ವಾಂತಿ ಮಾಡಿಕೊಳ್ಳುತ್ತಾ ರಾಜಧಾನಿಗೆ ಹೋಗಬೇಕಾಗುತ್ತದೆ. ಇಲ್ಲಿನ ಏಕೈಕ ಗುಮಾಸ್ತೆ ಶ್ರೀಮತಿ ತೊಕಿಲುಪೆ ಅವರು ಈ ಪತ್ರವನ್ನು ಮೂರು ಸಲ ಓದಿ, ನಾಲ್ಕನೆಯ ಸಲ ಓದದೆ ಮಡಿಸಿಟ್ಟರೆಂದು ತಿಳಿದುಬಂದಿದೆ. ಆದ್ದರಿಂದ ಈ ಕೆಳಕಂಡ ಅಂಶಗಳನ್ನು ಈ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ.

1. ಸದರಿ ಕಂಪ್ಯೂಟರನ್ನು 2011ರಲ್ಲಿ ಶ್ರೀಮತಿ ಕಲೋಲೈನೆ ಅವರು ಆಕ್ಲೆಂಡ್‌ನಿಂದ ಕಂಬಳಿಯಲ್ಲಿ ಸುತ್ತಿ, ಡಬ್ಬಿ ಮಾಂಸದ ಪೀಪಾಯಿಯೊಳಗೆ ಕಳುಹಿಸಿಕೊಟ್ಟಿರುತ್ತಾರೆ. ಇವರು ಈ ಕಚೇರಿಯ ಮುಖ್ಯಸ್ಥ ಶ್ರೀ ಸೆಮಿಸಿ ಅವರ ತಂದೆಯ ಹಿರಿಯ ಅಕ್ಕ, ಅರ್ಥಾತ್ ಸೋದರತ್ತೆ. ಇಲ್ಲಿನ ರೂಢಿಯಂತೆ ಸೋದರತ್ತೆಯವರು ಅಣ್ಣತಮ್ಮಂದಿರ ಮಕ್ಕಳ ಮನೆಯಲ್ಲಿ ಏನು ಕೇಳಿದರೂ ಕೊಡತಕ್ಕದ್ದು, ಎಲ್ಲಿ ಕುಳಿತರೂ ಅವರೇ ಎತ್ತರದಲ್ಲಿ ಕೂರತಕ್ಕದ್ದು. ಈ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಿರುವುದಿಲ್ಲ, ಏಕೆಂದರೆ ಎಲ್ಲರಿಗೂ ಭಯವಿದೆ.

2. ದಿ. 12.5.2025ರಂದು ಅರ್ಹತಾ ಪರೀಕ್ಷೆ ನಡೆಸಲಾಯಿತು. ಅದರ ಬಗ್ಗೆ ಶ್ರೀಮತಿ ತೊಕಿಲುಪೆ ಅವರ ಹೇಳಿಕೆ: “ಬೆಳಿಗ್ಗೆ ಸ್ವಿಚ್ ಹಾಕಿ, ಗೆಣಸು ಸುಲಿದು, ಬೇಯೋಕಿಟ್ಟು ಬಂದೆ. ಆಗಿನ್ನೂ ಏಳ್ತಾ ಇತ್ತು. ಪರೀಕ್ಷೆ ಒತ್ತಿದ ತಕ್ಷಣ ಕೆಂಪು ಗುರುತು ಬಂತು. ‘ಈ ಕಂಪ್ಯೂಟರ್ ಅರ್ಹವಲ್ಲ’ ಅಂತ. ನಾನೇನ್ ಮಾಡ್ಲಿ ಸಾರ್, ನಾನು ಬರೆದಿದ್ದಲ್ಲ ಅದು.”

3. ಸೋದರತ್ತೆಯವರ ಉಡುಗೊರೆಯನ್ನು ಅನರ್ಹವೆಂದು ಅದರದೇ ಮುಖದ ಮೇಲೆ ಬರೆದದ್ದು ಗಂಭೀರ ದುರ್ನಡತೆಯಾಗಿರುತ್ತದೆ. ಪರದೆಯನ್ನು ಕೂಡಲೇ ಕಸೂತಿ ಬಟ್ಟೆಯಿಂದ ಮುಚ್ಚಲಾಯಿತು. ಹೊಸ ಆಪರೇಟಿಂಗ್ ಸಿಸ್ಟಂಗೆ ಏಳು ದಿನಗಳೊಳಗೆ ಉತ್ತರಿಸುವಂತೆ ಕಾರಣ ಕೇಳಿ ನೋಟಿಸ್ ಜಾರಿ ಮಾಡಿ, ಪ್ರತಿಯನ್ನು ಯಂತ್ರದ ಬೆನ್ನಿಗೆ ಅಂಟಿಸಲಾಯಿತು. ಉತ್ತರ ಬಂದಿರುವುದಿಲ್ಲ. ಯಂತ್ರದಲ್ಲಿ ಸುರಕ್ಷತೆಯ ಚಿಪ್ ಇಲ್ಲವೆಂಬ ಆಕ್ಷೇಪಣೆಯನ್ನು ಪರಿಶೀಲಿಸಲಾಗಿ, ಈ ಕಚೇರಿಯ ಬಾಗಿಲಿಗೂ ಚಿಲಕವಿಲ್ಲವೆಂದು, ಹಾಗಿದ್ದರೂ ಈವರೆಗೆ ಒಂದು ಹಂದಿಯ ಹೊರತು ಯಾರೂ ಅತಿಕ್ರಮ ಪ್ರವೇಶ ಮಾಡಿಲ್ಲವೆಂದು ಕಂಡುಬಂದಿದೆ.

4. ತರುವಾಯ ಕಚೇರಿ ಮುಖ್ಯಸ್ಥರು, ಪಾದ್ರಿಗಳು ಹಾಗೂ ಶಾಲೆಯ ಮೇಷ್ಟ್ರನ್ನು ಒಳಗೊಂಡ ಸಮಿತಿಯನ್ನು ರಚಿಸಲಾಯಿತು. ನಾವು ಪದ್ಧತಿಯಂತೆ ಕಚೇರಿಗೆ ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿಕೊಂಡು ಬರುವ ಚಾಪೆಗಳಲ್ಲಿ ಅಜ್ಜಿಯ ಕಾಲದ ಹರಿದ ಚಾಪೆಗೇ ಹೆಚ್ಚು ಗೌರವ. ಹೊಸ ಚಾಪೆ ಹಳೆಯದನ್ನು ಪರೀಕ್ಷಿಸಿದ ಉದಾಹರಣೆ ಇರುವುದಿಲ್ಲ. ಆದ್ದರಿಂದ ‘ಹೊಸದನ್ನು ನಡೆಸಲು ಹಳೆಯದಕ್ಕೆ ಯೋಗ್ಯತೆ ಇದೆಯೇ’ ಎಂಬ ಪ್ರಶ್ನೆಯೇ ಅಸಭ್ಯವೆಂದೂ, ‘ಹಳೆಯದರ ಮುಂದೆ ಹೊಸದು ತಗ್ಗಿ ನಿಂತಿದೆಯೇ’ ಎಂದು ಕೇಳತಕ್ಕದ್ದೆಂದೂ ಸಮಿತಿ ತೀರ್ಮಾನಿಸಿತು. ಊಟದ ನಂತರ ಸಮಿತಿ ಮತ್ತೆ ಸೇರಲಿಲ್ಲ.

5. ದಿ. 2.6.2025ರಂದು ಕೇಂದ್ರ ಕಚೇರಿಯು, ಕೇಳದಿದ್ದರೂ, ಹೊಸ ಸಿಸ್ಟಂ ಇರುವ ಹೊಸ ಕಂಪ್ಯೂಟರೊಂದನ್ನು ದೋಣಿಯಲ್ಲಿ ಕಳುಹಿಸಿತು. ಕಚೇರಿಯಲ್ಲಿ ಇರುವುದು ಒಂದೇ ಮೇಜು. ಹಿರಿಯರ ಸಮಕ್ಕೆ ಕಿರಿಯರನ್ನು ಕೂರಿಸಲು ಬರುವುದಿಲ್ಲವಾದ್ದರಿಂದ ಈ ಕೆಳಗಿನ ಆಸನಕ್ರಮವನ್ನು ಜಾರಿಗೊಳಿಸಲಾಯಿತು:

(ಅ) ಹಳೆಯ ಕಂಪ್ಯೂಟರ್ ಮೇಜಿನ ಮೇಲೆ, ನಡುವಿಗೆ ಚಾಪೆ ಸುತ್ತಿಕೊಂಡು, ಇರತಕ್ಕದ್ದು.

(ಆ) ಹೊಸ ಕಂಪ್ಯೂಟರ್ ನೆಲದ ಮೇಲೆ ಇರತಕ್ಕದ್ದು. ಗುಮಾಸ್ತೆಯವರು ಬೋರಲು ಮಲಗಿ ಬೆರಳಚ್ಚು ಮಾಡತಕ್ಕದ್ದು.

(ಇ) ಮೊದಲು ಹಳೆಯದನ್ನು ಚಾಲೂ ಮಾಡಿ, ಅದು ಪೂರ್ಣವಾಗಿ ಏಳುವ ನಲವತ್ತು ನಿಮಿಷ ಎಲ್ಲರೂ ಮೌನವಾಗಿರತಕ್ಕದ್ದು. ಅದು ಏಳದ ದಿನವನ್ನು ಭಾನುವಾರವೆಂದು ಪರಿಗಣಿಸತಕ್ಕದ್ದು.

(ಈ) ಅರ್ಜಿದಾರರ ತಲೆ ಹಳೆಯ ಕಂಪ್ಯೂಟರಿಗಿಂತ ಮೇಲೆ ಹೋಗತಕ್ಕದ್ದಲ್ಲ. ಎತ್ತರದವರು ಹೊಸ್ತಿಲಿನಿಂದಲೇ ತೆವಳಿಕೊಂಡು ಬರತಕ್ಕದ್ದು.

(ಉ) ಹೊಸದು ‘ಟಿಂಗ್’ ಎಂದಾಗ, ಹಳೆಯದಕ್ಕೆ ಕೇಳಿಸದಂತೆ ಹಾಜರಿರುವವರು ಒಟ್ಟಾಗಿ ಕೆಮ್ಮತಕ್ಕದ್ದು.

6. ಸದರಿ ಕ್ರಮವು ಮೂರು ವಾರ ನಡೆಯಿತು. ಅಷ್ಟರಲ್ಲಿ ಹನ್ನೊಂದು ಶಿಶುಗಳ ನೋಂದಣಿ ಬಾಕಿ ಉಳಿಯಿತು. ಹೆತ್ತು ಹತ್ತು ದಿನವಾದವರಿಗೆ ಬಗ್ಗಲು ಬರುವುದಿಲ್ಲವೆಂಬುದು ಸಮಿತಿಯ ಗಮನಕ್ಕೆ ಬಂದಿರಲಿಲ್ಲ. ಸಮಿತಿಯಲ್ಲಿ ಹೆತ್ತ ಹೆಂಗಸರು ಯಾರೂ ಇರಲಿಲ್ಲ. ಬಾಣಂತಿ ಶ್ರೀಮತಿ ಅನಸೇನಿ ಅವರು ಬಾಗಿಲಲ್ಲೇ ನಿಂತು ನೀಡಿದ ಹೇಳಿಕೆ: “ತೊಕಿಲುಪೆ ಅಕ್ಕಾ, ನಾನು ಇಲ್ಲಿಂದ್ಲೇ ಕೂಗಿ ಹೇಳ್ತೀನಿ, ಬರ್ಕೊಳೇ. ಮಗು ಹೆಸರು ಇಡೀ ಊರಿಗೆ ಕೇಳಿಸಿದ್ರೂ ಪರವಾಗಿಲ್ಲ. ಬಗ್ಗಿದ್ರೆ ಹೊಲಿಗೆ ಬಿಚ್ಚತ್ತೆ.” ಕೂಗಿ ಹೇಳಿದ ಹೆಸರನ್ನು ಸ್ವೀಕರಿಸಲು ನಿಯಮಗಳಲ್ಲಿ ಅವಕಾಶವಿಲ್ಲವೆಂದು ಹಿಂಬರಹ ನೀಡಲಾಯಿತು.

7. ಗುಮಾಸ್ತೆಯವರ ಎರಡೂ ಮೊಣಕೈಗಳ ಚರ್ಮ ಕಿತ್ತುಬಂದಿತ್ತು. ದಿಂಬು ಕೋರಿ ಅವರು ಸಲ್ಲಿಸಿದ ಅರ್ಜಿಯನ್ನು, ದಿಂಬಿನಿಂದ ಹೊಸ ಕಂಪ್ಯೂಟರಿಗೂ ಆಸೆ ಹುಟ್ಟೀತೆಂಬ ಕಾರಣದಿಂದ, ತಿರಸ್ಕರಿಸಲಾಯಿತು. ಹಾಗಾದರೆ ಕೆಲಸ ಬಿಡುವಿರಾ ಎಂದು ಕೇಳಲಾಗಿ, ಅವರು ನೀಡಿದ ಉತ್ತರವನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಬಿಟ್ರೆ ಕೌಂಟರ್ ಮುಚ್ಚತ್ತೆ. ಆಮೇಲೆ ಆ ಹಸಿ ಬಾಣಂತೀರು ದೋಣಿ ಹತ್ತಬೇಕಾ? ನನ್ನ ಮೊದಲ್ನೇ ಮಗು ಹೆಸರು ಬರೆಸೋಕೆ ನಾನು ಹೋಗಿದ್ದೆ ಸಾರ್, ಆಗ ಇಲ್ಲಿ ಕೌಂಟರ್ ಇರ್ಲಿಲ್ಲ. ಅದಕ್ಕೇ ಮಲಗಿದೀನಿ. ನಿಮ್ಮ ಡಬ್ಬಕ್ಕೋಸ್ಕರ ಅಲ್ಲ.” ಈ ಉತ್ತರದಿಂದ ಕಚೇರಿಗೆ ನಾಚಿಕೆಯಾಗಿದೆ. ಆದರೂ ಡಬ್ಬ ಎಂಬ ಪದಕ್ಕೆ ಆಕ್ಷೇಪಣೆಯನ್ನು ದಾಖಲಿಸಲಾಯಿತು.

8. ದಿ. 23.6.2025ರಂದು ಸೋದರತ್ತೆಯವರು ಚರ್ಚಿನ ವಾರ್ಷಿಕ ಸಭೆಗಾಗಿ ದ್ವೀಪಕ್ಕೆ ಆಗಮಿಸಿ, ಸಭೆಗೂ ಮುನ್ನ ಈ ಕಚೇರಿಗೆ ಭೇಟಿ ನೀಡಿದರು. ಆ ಸಮಯದಲ್ಲಿ ಗುಮಾಸ್ತೆಯವರು ಬೋರಲು ಮಲಗಿದ್ದು, ಮುಖ್ಯಸ್ಥರು ಮಂಡಿಯೂರಿದ್ದು, ಇಬ್ಬರು ಅರ್ಜಿದಾರರು ಕೆಮ್ಮುತ್ತಿದ್ದರು. ಸೋದರತ್ತೆಯವರ ಹೇಳಿಕೆಯ ಮೊದಲ ಭಾಗ: “ಲೋ ಸೆಮಿಸಿ, ಏನೋ ಇದು ಅವತಾರ? ನಮ್ಮ ಹಟ್ಟಿ ಹಂದಿನೂ ಹೀಗೆ ಮಲಗಲ್ವಲ್ಲೋ! ಏಳೇ ತಾಯಿ, ಮೊಣಕೈ ನೋಡು, ರಕ್ತ ಬರ್ತಿದೆ. ಅಯ್ಯೋ ನಿನ್ನ ಬುದ್ಧಿಗಿಷ್ಟು! ಆ ಹಳೇ ಕಂಪ್ಯೂಟರ್ ಎಲ್ಲಿಂದ ಬಂದಿದ್ದು ಗೊತ್ತೇನೋ ನಿಂಗೆ? ನಾನು ಕಸ ಗುಡಿಸ್ತಿದ್ದ ಸ್ಕೂಲ್ನೋರು ಅವತ್ತೇ ಎಸೆದಿದ್ರು. ಒರೆಸಿ ಕಳಿಸ್ದೆ, ಅಷ್ಟೆ.”

9. ಇದರ ನಂತರ ಮುಖ್ಯಸ್ಥರ ಮುಖ ಹೇಗಿತ್ತೆಂಬುದನ್ನು ದಾಖಲಿಸುವ ಅಗತ್ಯವಿಲ್ಲ. ಹದಿನಾಲ್ಕು ವರ್ಷ ಪ್ರತಿ ಕ್ರಿಸ್‌ಮಸ್‌ಗೆ ಸದರಿ ಯಂತ್ರಕ್ಕೆ ಅವರು ತಾವೇ ಹೂವಿನ ಹಾರ ಹಾಕಿರುತ್ತಾರೆ. ಸೋದರತ್ತೆಯವರು ಸೋದರಳಿಯನ ಮುಖ ನೋಡಿ, ದನಿ ಇಳಿಸಿ, ಹೇಳಿಕೆಯ ಎರಡನೆಯ ಭಾಗವನ್ನು ನೀಡಿದರು: “ಹೋಗ್ಲಿ ಬಿಡು, ಚೆನ್ನಾಗೇ ನೋಡ್ಕೊಂಡಿದೀಯ. ಈಗ ನಂಗೇ ಬೇಕು ಅದು. ಮೊಮ್ಮಗ ಓದೋಕೆ ಕಂಪ್ಯೂಟರ್ ಕೇಳ್ತಿದಾನೆ. ಕೊಡ್ತೀಯೋ ಇಲ್ವೋ?” ಸೋದರತ್ತೆಯವರು ಕೇಳಿದ್ದನ್ನು ಇಲ್ಲವೆನ್ನಲು ಬರುವುದಿಲ್ಲ (ಕಂಡಿಕೆ 1 ನೋಡಿ). ಕೂಡಲೇ ಕೊಡಲಾಯಿತು. ಹೇಳಿಕೆಯ ಮೊದಲ ಭಾಗವು ಗಾಳಿಯ ಸದ್ದಿನಿಂದಾಗಿ ಯಾರಿಗೂ ಕೇಳಿಸಿರುವುದಿಲ್ಲವೆಂದೂ, ಎರಡನೆಯ ಭಾಗವು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತೆಂದೂ ಈ ಮೂಲಕ ಸ್ಥಿರೀಕರಿಸಲಾಗಿದೆ. ಅಂದು ಗಾಳಿ ಇರಲಿಲ್ಲ. ಸದರಿ ಮೊಮ್ಮಗನ ವಯಸ್ಸು ಎಂಟು ತಿಂಗಳು.

10. ದಿ. 25.6.2025ರಂದು ಹಳೆಯ ಕಂಪ್ಯೂಟರನ್ನು ಮೆರವಣಿಗೆಯಲ್ಲಿ ದೋಣಿಕಟ್ಟೆಗೆ ಒಯ್ದು ಬೀಳ್ಕೊಡಲಾಯಿತು. ದೋಣಿಯಲ್ಲಿ ಜಾಗವಿಲ್ಲದ ಕಾರಣ ಸೋದರತ್ತೆಯವರು ಅದರ ಮೇಲೆಯೇ ಕುಳಿತು ಪ್ರಯಾಣಿಸಿರುತ್ತಾರೆ. ಇದರಿಂದ ಇಬ್ಬರಲ್ಲಿ ಯಾರು ಎತ್ತರವೆಂಬ ಪ್ರಶ್ನೆ ಇತ್ಯರ್ಥವಾಗಿದೆ. ಕಟ್ಟೆಯ ಮೇಲೆ ಮುಖ್ಯಸ್ಥರು ಅತ್ತರೆಂಬ ವದಂತಿಯನ್ನು ಅಲ್ಲಗಳೆಯಲಾಗಿದೆ. ಅದು ದೋಣಿಯ ಹೊಗೆ.

ಆದೇಶ:

(i) ಹೊಸ ಕಂಪ್ಯೂಟರನ್ನು ಮೇಜಿನ ಮೇಲಕ್ಕೆ ಬಡ್ತಿ ನೀಡಲಾಗಿದೆ. ಕಂಡಿಕೆ 3ರ ನೋಟಿಸನ್ನು ಹಿಂಪಡೆಯಲಾಗಿದೆ, ಆದರೆ ಸಿಸ್ಟಂ ಇನ್ನು ಮುಂದೆ ಯಾರನ್ನೂ ಅನರ್ಹರೆನ್ನುವ ಮೊದಲು ಅವರನ್ನು ಕಳುಹಿಸಿದವರು ಯಾರೆಂದು ವಿಚಾರಿಸತಕ್ಕದ್ದು.

(ii) ಬಾಕಿ ಹನ್ನೊಂದು ಶಿಶುಗಳ ಹೆಸರನ್ನು ದಿ. 26ರಂದು ದಾಖಲಿಸಲಾಗಿದೆ. ಅನಸೇನಿ ಅವರು ಮತ್ತೆ ಬಾಗಿಲಲ್ಲೇ ನಿಂತು ಕೂಗಿದರು. ಸ್ವೀಕರಿಸಲಾಯಿತು. ಮಗುವಿನ ಹೆಸರು ಕಲೋಲೈನೆ.

(iii) ಇನ್ನು ಮುಂದೆ ಹಳೆಯ ಕಂಪ್ಯೂಟರಿನಲ್ಲಿ ಹೊಸ ಸಿಸ್ಟಂ ನಡೆಯುವುದೇ ಎಂದು ಯಾರಾದರೂ ಕೇಳಿದಲ್ಲಿ ‘ಅತ್ತೆಯವರನ್ನು ಕೇಳಿ’ ಎಂದು ಉತ್ತರಿಸತಕ್ಕದ್ದು.

(iv) ಆಕ್ಲೆಂಡ್‌ನಿಂದ ಬೇರೆ ಯಂತ್ರ ಕಳುಹಿಸಕೂಡದೆಂದು ಸೋದರತ್ತೆಯವರಿಗೆ ಆದೇಶಿಸಲು ಈ ಕಚೇರಿಗೆ ಅಧಿಕಾರವಿಲ್ಲ. ಪ್ರಾರ್ಥಿಸಲು ಮಾತ್ರ ಅವಕಾಶವಿದೆ.

ಸಹಿ/-
(ಸೆಮಿಸಿ)
ಕಚೇರಿ ಮುಖ್ಯಸ್ಥರು ಹಾಗೂ ಸೋದರಳಿಯ

ಪ್ರತಿಗಳು:
1. ಕೇಂದ್ರ ಕಚೇರಿ, ರಾಜಧಾನಿ: ಗಡುವಿಗೆ ಮೂರು ದಿನ ಮುಂಚೆಯೇ ಕೌಂಟರ್ ನಡೆಯುತ್ತಿದೆ ಎಂಬ ಮಾಹಿತಿಗಾಗಿ.
2. ಶ್ರೀಮತಿ ಕಲೋಲೈನೆ, ಆಕ್ಲೆಂಡ್: ಒಂದು ಬುಟ್ಟಿ ಗೆಣಸಿನೊಂದಿಗೆ, ಆಶೀರ್ವಾದ ಕೋರಿ.
3. ಅವರ ಮೊಮ್ಮಗ: ಓದಲು ಬಂದ ನಂತರ ಓದುವುದು.
4. ಪಾದ್ರಿಗಳು ಮತ್ತು ಮೇಷ್ಟ್ರು: ಸಮಿತಿ ವಿಸರ್ಜನೆಯಾಗಿದೆ, ಊಟಕ್ಕೆ ಬರಬೇಕಾಗಿಲ್ಲ.
5. ಶ್ರೀಮತಿ ತೊಕಿಲುಪೆ, ಗುಮಾಸ್ತೆ: ಎದ್ದು, ಮುಖ್ಯಸ್ಥರ ಕುರ್ಚಿಯಲ್ಲಿ ಕುಳಿತು ಓದುವುದು.