ಟೋಕುನ್ಬೋ ಮತ್ತು ಹನ್ನೆರಡು ಮೂಲೆಯ ಪಾನಾ

ದೋತುನ್ ತನ್ನ ಹೆಂಡತಿಯನ್ನು ಮೊದಲ ಸಲ ಕಂಡದ್ದು ಇಬಾದಾನಿನ ಗೇಟ್ ಪೇಟೆಯಲ್ಲಿ, ಕಾರಿನ ಬಿಡಿಭಾಗ ಮಾರುವ ಸಾಲಿನಲ್ಲಿ, ಸರಪಳಿಯಿಂದ ನೇತುಹಾಕಿದ್ದ ಒಂದು ಹಳೆಯ ಸೈಲೆನ್ಸರ್ ಕೊಳವೆಯ ಕೆಳಗೆ. ಹಳದಿ ರವಿಕೆ, ತೋಳಿಗೆ ಬಳೆಯಂತೆ ಸಿಕ್ಕಿಸಿಕೊಂಡಿದ್ದ ತಂದೆಯ ಕಾರಿನ ಫ್ಯಾನ್ ಬೆಲ್ಟು, ಕೈಯಲ್ಲಿ ಅರ್ಧ ತಿಂದ ಸುಟ್ಟ ಜೋಳ. ದೋತುನ್ ಅವಳನ್ನು ಗಮನಿಸಿರಲೇ ಇಲ್ಲ. ಅವನು ಅಂಗಡಿಯವನಿಗೆ ಕೇಳಲೆಂದು ಕೂಗಿದ್ದ:

"ಅಣ್ಣಾ, ಟೋಕುನ್ಬೋ ಏನ್ ರೇಟು?"

ಜೋಳ ಅಗಿಯುವುದು ನಿಂತಿತು. "ಏನಂದೆ? ನನ್ನ ರೇಟು ಕೇಳೋಕೆ ನೀನ್ಯಾವನೋ?"

ತಪ್ಪು ಇಬ್ಬರದೂ ಅಲ್ಲ, ಆ ಪದದ್ದು. ಹೊರದೇಶದಲ್ಲಿ ಹುಟ್ಟಿ ಕಡಲು ದಾಟಿ ಮನೆಗೆ ಬಂದ ಮಗುವಿಗೆ ಯೊರುಬಾ ಜನ ಟೋಕುನ್ಬೋ ಎಂದು ಹೆಸರಿಡುತ್ತಾರೆ. ಹೊರದೇಶದಲ್ಲಿ ಬಳಸಿ, ಕಡಲು ದಾಟಿ ಪೇಟೆಗೆ ಬಂದ ಕಾರು, ಫ್ರಿಜ್ಜು, ಪಾನಾ, ಇಕ್ಕಳಗಳಿಗೂ ಅದೇ ಹೆಸರು. ಈಕೆ ಹುಟ್ಟಿದ್ದು ಲಿವರ್‌ಪೂಲಿನಲ್ಲಿ, ಅಪ್ಪ ಅಲ್ಲಿ ಓದುತ್ತಿದ್ದಾಗ; ಹಾಗಾಗಿ ಹೆಸರು ಟೋಕುನ್ಬೋ. ದೋತುನ್ ಕೇಳಿದ್ದು ಬೋಲ್ಟಿನ ತಲೆಗೆ ಟೊಪ್ಪಿಯಂತೆ ಕೂರುವ ಸಾಕೆಟ್ ಪಾನಾದ ಬೆಲೆ. (ಯೊರುಬಾ ಮಾತಿನಲ್ಲಿ ಅವನು, ಅವಳು, ಅದು ಮೂರಕ್ಕೂ ಒಂದೇ ಪುಟ್ಟ ಪದ. ಈ ಕಥೆಯ ಅರ್ಧ ಅನಾಹುತಕ್ಕೆ ಆ ಪುಟ್ಟ ಪದವೇ ಹೊಣೆ.) ಅಂಗಡಿಯವನು ನಕ್ಕು ನಕ್ಕು ಬಗ್ಗಿಹೋದ. ದೋತುನ್ ಅವಳಿಗೆ ಇನ್ನೊಂದು ಜೋಳ ಕೊಡಿಸಿದ, ತನಗೆ ಪಾನಾ ಕೊಂಡ. ವರ್ಷ ತಿರುಗುವಷ್ಟರಲ್ಲಿ ಎರಡು ಟೋಕುನ್ಬೋಗಳೂ ಒಂದೇ ಮನೆಯಲ್ಲಿದ್ದವು.

ಮಗಳು ಸಿಮಿ ಹುಟ್ಟಿದ ಮೇಲೆ ಅವನು ಹೆಂಡತಿಯನ್ನು 'ಸಿಮಿ ಅಮ್ಮ' ಎಂದು ಕರೆಯತೊಡಗಿದ, ಎಲ್ಲ ಗಂಡಂದಿರಂತೆ. ಅವಳನ್ನು ಟೋಕುನ್ಬೋ ಎಂದು ಕರೆಯುವುದು ಈಗ ಅವಳ ತವರಿನವರು ಮಾತ್ರ. ದೋತುನ್‌ನ ಬಾಯಲ್ಲಿ ಟೋಕುನ್ಬೋ ಎಂದರೆ ಪಾನಾ; ಅತ್ತೆಯ ಕಿವಿಯಲ್ಲಿ ಟೋಕುನ್ಬೋ ಎಂದರೆ ಮಗಳು.

ಆ ವಾರ ಕಾರಿನ ಬ್ರೇಕು ಹಂದಿ ಕೊಯ್ದ ಹಾಗೆ ಕಿರುಚತೊಡಗಿತು. ಮೆಕ್ಯಾನಿಕ್ಕಿಗೆ ಕೊಡಬಹುದಿತ್ತು. ಆದರೆ ಹೋದ ಸಲ 'ನಾಳೆ ಬನ್ನಿ' ಎಂದವನು ಕಾರು ಮರಳಿಸಿದ್ದು ಮುಂದಿನ ತಿಂಗಳು. ಸೀಟಿನ ತುಂಬ ಒಣಮೀನಿನ ವಾಸನೆ, ಹಿಂದೆ ಯಾರದೋ ಮಗುವಿನ ಚಪ್ಪಲಿ.

"ಈ ಸಲ ನಾನೇ ಮಾಡ್ತೀನಿ. ಪ್ಯಾಡ್ ಬದಲಾಯಿಸೋದು ಏನ್ ಮಹಾ?" ಎಂದ ದೋತುನ್. ಅವನು ಹೈಸ್ಕೂಲಿನಲ್ಲಿ ಭೂಗೋಳ ಮೇಷ್ಟ್ರು. ಭೂಮಿಯನ್ನೇ ತಿರುಗಿಸಿ ತೋರಿಸುವವನಿಗೆ ಬೋಲ್ಟು ತಿರುಗಿಸುವುದು ಯಾವ ಲೆಕ್ಕ?

"ನೋಡಿ ಸಿಮಿ ಅಪ್ಪ," ಎಂದಳು ಹೆಂಡತಿ, ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವ ಮೊಯಿನ್‌ಮೊಯಿನ್ ಕಡುಬಿಗೆ ನೆನೆಸಿದ ಅಲಸಂದೆಯ ಸಿಪ್ಪೆ ಉಜ್ಜುತ್ತಲೇ. "ಶನಿವಾರ ಬೊಡಿಜಾದಲ್ಲಿ ಹೆಸರಿಡೋ ಮನೆ. ನನಗೆ ಸಿಕ್ಕಿರೋ ಮೊದಲನೇ ದೊಡ್ಡ ಆರ್ಡರು. ಪಾತ್ರೆಗಟ್ಟಲೆ ಮೊಯಿನ್‌ಮೊಯಿನ್ ನಾನೇನು ತಲೆ ಮೇಲೆ ಹೊತ್ಕೊಂಡು ಹೋಗ್ಲಾ? ಶನಿವಾರ ಬೆಳಿಗ್ಗೆ ಕಾರು ಸುಮ್ಮನೆ ನಿಲ್ಲಬೇಕು, ಸುಮ್ಮನೆ ಓಡಬೇಕು. ಇಲ್ಲಾಂದ್ರೆ ಈ ಜನ್ಮದಲ್ಲಿ ನೀವು ಬಾನೆಟ್ ಎತ್ತೋ ಹಾಗಿಲ್ಲ."

"ಎತ್ತಲ್ಲ! ಪ್ಯಾಡ್‌ಗೆ ಬಾನೆಟ್ ಎತ್ತೋದೇ ಬೇಡ!"

ಹೀಗೆ ಗೃಹ-ವಾಹನ-ಶಸ್ತ್ರಾಸ್ತ್ರ ಸಂಗ್ರಹ ಮಹಾಯಜ್ಞ ಆರಂಭವಾಯಿತು. ಅಗ್ಗದ ಸಾಮಾನಿನ ಬಗ್ಗೆ ದೋತುನ್‌ಗೆ ತನ್ನದೇ ಒಂದು ಶಾಸ್ತ್ರವಿತ್ತು. ಕಾರಿನ ಭಾರ ಹೊರುವುದನ್ನು ಮಾತ್ರ ಗಟ್ಟಿಯಾದದ್ದನ್ನೇ ಕೊಳ್ಳಬೇಕು, ಏಕೆಂದರೆ ಅದರ ಕೆಳಗೆ ಇರುವುದು ನಮ್ಮ ತಲೆ. ಹಾಗಾಗಿ ಜಾಕಿನ ಜೊತೆಗೆ ದಪ್ಪ ಕಾಲಿನ ಎರಡು ಕಬ್ಬಿಣದ ಸ್ಟ್ಯಾಂಡ್ ಬಂದವು. (ಅಲ್ಲಿಯವರೆಗೆ ಶಾಸ್ತ್ರ ಸರಿಯಾಗಿಯೇ ಇತ್ತು.) ಉಳಿದದ್ದೆಲ್ಲ ಅಗ್ಗದ್ದಾದರೂ ನಡೆಯುತ್ತದೆ. ಈ ಎರಡನೆಯ ಸೂತ್ರದ ಫಲವಾಗಿ ಕೆಂಪು ಡಬ್ಬಿಯೊಂದು ಮನೆ ಸೇರಿತು. ಒಳಗೆ ಮಖಮಲ್ಲಿನ ಮೇಲೆ ಒಡವೆಗಳಂತೆ ಮಲಗಿದ್ದ ಹೊಚ್ಚ ಹೊಸ ಚೀನಾ ಸಾಕೆಟ್ಟುಗಳು. ಹಳೆಯ ಟೋಕುನ್ಬೋ ಸಾಕೆಟ್ಟಿಗೆ ಒಳಗೆ ಆರು ಮೂಲೆ, ಇವುಗಳಿಗೆ ಹನ್ನೆರಡು! ಹನ್ನೆರಡು ಎಂದರೆ ಆರರ ಎರಡರಷ್ಟು. ಎರಡು ಪಟ್ಟು ಮೂಲೆ, ಅರ್ಧ ಬೆಲೆ. ದೋತುನ್‌ಗೆ ಇದು ವ್ಯಾಪಾರವಲ್ಲ, ದರೋಡೆ ಎನಿಸಿತು. ದರೋಡೆಯೇ ಆಗಿತ್ತು, ದರೋಡೆಯಾದದ್ದು ಯಾರಿಗೆ ಎಂಬುದಷ್ಟೇ ಪ್ರಶ್ನೆ. ಹಳೆಯ ಪಾನಾವನ್ನು ಅವನು ಗೇಟಿನ ಬಳಿಯ ಗುಜರಿ ಚೀಲಕ್ಕೆ ಎಸೆದ.

ಶುಕ್ರವಾರ ಸಂಜೆ ಎಡಗಡೆಯ ಪ್ಯಾಡು ಸಲೀಸಾಗಿ ಬದಲಾಯಿತು. ಆ ಉಮೇದಿನಲ್ಲಿ ಅಂಗಳದಿಂದಲೇ ಗೆಳೆಯ ವಾಲೆಗೆ ಫೋನು ಹಚ್ಚಿದ. ಮಗಳಿಗೆ ಹಿಟ್ಟು ರುಬ್ಬಲು ನೆರವಾಗೋಣವೆಂದು ಅತ್ತೆ ಗೇಟಿನ ಹೊರಗೆ ಬಂದು ನಿಂತಿದ್ದೂ ಆಗಲೇ.

"ಟೋಕುನ್ಬೋ ಸಾಕಾಗಿ ಹೋಯ್ತು ಕಣಯ್ಯಾ," ಎನ್ನುತ್ತಿದ್ದ ದೋತುನ್. "ಎಷ್ಟು ವರ್ಷ ಅಂತ ಅದೇ ಮುಖ ನೋಡೋದು? ಭಾರ ಬೇರೆ ಜಾಸ್ತಿ ಆಯ್ತು. ಹೊಸದೊಂದು ಮನೆಗೆ ತಂದಿದೀನಿ. ಚೀನಾ ಕಡೆಯದು! ಏನ್ ಹೊಳಪು ಅಂತೀಯಾ, ಕೈಯಲ್ಲಿ ಹಿಡಿದ್ರೆ ಹೂವು. ಸಿಮಿ ಅಮ್ಮನಿಗೆ ಇನ್ನೂ ಹೇಳಿಲ್ಲ, ಕೇಳಿದ್ರೆ ಒನಕೆ ತಗೋತಾಳೆ."

ಗೇಟಿನ ಹೊರಗೆ ಅತ್ತೆಯ ತಲೆಯುಡುಗೆ ಜಾರಿ ಹೆಗಲಿಗೆ ಬಂತು. ಆಕೆ ಒಳಗೆ ಕಾಲಿಡದೆ ಹಿಂದಕ್ಕೆ ತಿರುಗಿದರು.

ಇತ್ತ ಬಲಗಡೆಯ ಬೋಲ್ಟು ಜಗ್ಗಲಿಲ್ಲ. ದೋತುನ್ ಹನ್ನೆರಡು ಮೂಲೆಯನ್ನು ಒತ್ತಿ ಹಿಡಿದು ಎಳೆದ. ಕರ್ರ್ ಎಂದಿತು. ತಿರುಗಿತು! ತಿರುಗಿದ್ದು ಬೋಲ್ಟಲ್ಲ, ಅದರ ತಲೆಯ ಸುತ್ತ ಸಾಕೆಟ್ಟು. ಇನ್ನೆರಡು ಸಲ ಎಳೆದಾಗ ಬೋಲ್ಟಿನ ಮೂಲೆಗಳು ಸವೆದು ಗುಂಡಗಾದವು, ಸಾಕೆಟ್ಟು ಪಕ್ಕೆಯಲ್ಲಿ ಬಿರಿಯಿತು. ನಾಳೆಯ ಹೆಸರಿಡುವ ಮನೆ, ಹೆಂಡತಿಯ ಮೊದಲ ಆರ್ಡರು, ತನ್ನ ಮರ್ಯಾದೆ ಎಲ್ಲವೂ ಆ ಗುಂಡು ತಲೆಯ ಮೇಲೆ ಕೂತಿದ್ದವು. ಅವನು ಚಕ್ರದ ಪಕ್ಕ ಬೆನ್ನು ಮೇಲಾಗಿ ಬೋರಲು ಮಲಗಿ ಟಾರ್ಚು ಹಾಕಿ ಅದನ್ನೇ ದುರುಗುಟ್ಟಿ ನೋಡಿದ.

ಅಷ್ಟರಲ್ಲಿ ಗೇಟು ಧಡಾರನೆ ತೆರೆಯಿತು. ಅತ್ತೆ, ಅವರ ಹಿಂದೆ ಊರುಗೋಲಿನ ಸಮೇತ ಹೆಂಡತಿಯ ದೊಡ್ಡಪ್ಪ. ಹಿರಿಯರನ್ನು ಕಂಡರೆ ನೆಲಕ್ಕೆ ಉದ್ದಂಡ ಬೀಳುವುದು ಅಳಿಯನ ಧರ್ಮ. ದೋತುನ್ ಹೇಗೂ ಬಿದ್ದೇ ಇದ್ದ; ತಲೆ ಮಾತ್ರ ಆ ಕಡೆ ತಿರುಗಿಸಿದ.

"ನಮಸ್ಕಾರ ಅತ್ತೆ. ನಮಸ್ಕಾರ ದೊಡ್ಡಪ್ಪ."

"ನೋಡಿದ್ರಾ ಭಾವ, ಆಗ್ಲೇ ಕಾಲಿಗೆ ಬಿದ್ದಿದಾನೆ! ತಪ್ಪು ಮಾಡಿದೋನು ಬೀಳ್ದೆ ಇರ್ತಾನಾ?" ಎಂದರು ಅತ್ತೆ. "ಅಳಿಯಂದ್ರೇ, ಟೋಕುನ್ಬೋ ಎಲ್ಲಿ?"

ಬೋಲ್ಟಿನ ಗುಂಗಿನಲ್ಲಿದ್ದ ದೋತುನ್‌ಗೆ ನೆನಪಾದದ್ದು ಎಸೆದ ಪಾನಾ. ಅತ್ತೆಗೂ ಪಾನಾದ ಬೆಲೆ ಗೊತ್ತಿದೆ, ತನಗೆ ಗೊತ್ತಾಗಲಿಲ್ಲವಲ್ಲ!

"ತಪ್ಪಾಯ್ತು ಅತ್ತೆ. ಗುಜರಿಗೆ ಹಾಕ್ಬಿಟ್ಟೆ."

"ಗುಜರಿಗಾ!"

"ಈಗ ಬುದ್ಧಿ ಬಂತು. ಹೊಸದು ಮೊದಲನೇ ದಿನಾನೇ ಪಕ್ಕೆ ಬಿರುಕು ಬಿಟ್ಟಿದೆ."

"ಅಯ್ಯೋ, ಅವಳನ್ನೂ ಹೊಡ್ದಿದಾನೆ!" ಅತ್ತೆ ಎದೆ ಬಡಿದುಕೊಂಡರು.

ದೊಡ್ಡಪ್ಪ ಊರುಗೋಲು ಎತ್ತಿದರು. "ಆ ಚೀನಾದವಳು ಎಲ್ಲಿ? ಕರಿ ಹೊರಗೆ!"

"ಕೆಂಪು ಡಬ್ಬೀಲಿದೆ ದೊಡ್ಡಪ್ಪ," ಎಂದ ದೋತುನ್ ದೀನನಾಗಿ.

ಗದ್ದಲ ಕೇಳಿ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಹೆಂಡತಿ ಹೊರಬಂದಳು. ಅತ್ತೆ ಓಡಿಹೋಗಿ ತಬ್ಬಿಕೊಂಡರು. "ಟೋಕುನ್ಬೋ! ಬದುಕಿದೀಯಾ ತಾಯಿ! ನಡಿ ಮನೆಗೆ. ಇವನು ಇನ್ನೊಬ್ಬಳನ್ನ ತಂದಿದಾನೆ!"

ಅವಳು ಗಂಡನನ್ನು, ಬಿರಿದ ಸಾಕೆಟ್ಟನ್ನು, ತೆರೆದಿದ್ದ ಕೆಂಪು ಡಬ್ಬಿಯನ್ನು ಒಂದೊಂದಾಗಿ ನೋಡಿದಳು. ಮುಖದಲ್ಲಿ ಹಳೆಯ ಗೇಟ್ ಪೇಟೆ ಹಾದುಹೋಯಿತು. ಆಮೇಲೆ ಅವಳು ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಅಮ್ಮಾ, ಅವರು ಬಿಟ್ಟಿರೋದು ನನ್ನನ್ನಲ್ಲ, ಪಾನಾನ! ಸಿಮಿ ಅಪ್ಪ, ನಿಮ್ಮ ಟೋಕುನ್ಬೋನೂ ಎಲ್ಲೂ ಹೋಗಿಲ್ಲ. ಚೀಲದಿಂದ ತೆಗೆದು ಮೊಯಿನ್‌ಮೊಯಿನ್ ಪಾತ್ರೆ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟಿದೀನಿ. ಹಬೆ ಒಂಚೂರೂ ಆಚೆ ಹೋಗಲ್ಲ."

ಬಿಸಿಬಿಸಿ ಟೋಕುನ್ಬೋವನ್ನು ಬಟ್ಟೆಯಲ್ಲಿ ಹಿಡಿದು ತಂದಳು. ಇನ್ನೊಂದು ಕೈಯಲ್ಲಿ ಗೆಣಸು ಕುಟ್ಟುವ ಒನಕೆ. ದೋತುನ್ ಕೈಚಾಚಿದ, ಅವಳು ಕೊಡಲಿಲ್ಲ.

"ಆರು ಮೂಲೆಯದು ಬೋಲ್ಟಿನ ಕೆನ್ನೆ ಹಿಡಿಯತ್ತೆ," ಎನ್ನುತ್ತ ಸಾಕೆಟ್ಟನ್ನು ಬೋಲ್ಟಿನ ಮೇಲಿಟ್ಟು ಒನಕೆಯಿಂದ ಎರಡೇಟು ಬಡಿದಳು. "ನಿಮ್ಮ ಹನ್ನೆರಡು ಬರೀ ಮೂಲೆಮೂಲೆ ಸವರತ್ತೆ. ಅಪ್ಪ ಫ್ಯಾನ್ ಬೆಲ್ಟ್ ತರೋಕೆ ನನ್ನನ್ನೇ ಯಾಕೆ ಕಳಿಸ್ತಿದ್ರು ಅಂದ್ಕೊಂಡ್ರಿ?"

ಉದ್ದನೆಯ ಹಿಡಿಯ ಮೇಲೆ ಅವಳು ಭಾರ ಬಿಟ್ಟಳು. ಬೋಲ್ಟು ಒಮ್ಮೆ ನರಳಿತು. ಸಡಿಲವಾಯಿತು.

"ಭಾರ ಜಾಸ್ತಿ ಅಂದ್ರಲ್ಲ ಅಳಿಯಂದ್ರು," ಎಂದರು ಅತ್ತೆ, ತಲೆಯುಡುಗೆ ಸರಿಮಾಡಿಕೊಳ್ಳುತ್ತ. "ಭಾರ ಇದ್ದಿದ್ದಕ್ಕೇ ಬಿಚ್ತು."

ದೊಡ್ಡಪ್ಪ ಊರುಗೋಲು ಕೆಳಗಿಳಿಸಿ, ತಾವು ಬಂದದ್ದೇ ಮೊಯಿನ್‌ಮೊಯಿನ್ ರುಚಿ ನೋಡಲು ಎಂಬಂತೆ ಅಡುಗೆಮನೆಯ ಕಡೆ ನಡೆದರು. ಬೋಲ್ಟು ಬಿಚ್ಚಿದವಳೇ ಪ್ಯಾಡನ್ನೂ ಹಾಕುವುದೆಂದಾಯಿತು. ಅಲ್ಲಿಯವರೆಗೆ ಹಿಟ್ಟು ಕಾಯುವುದಿಲ್ಲವಲ್ಲ? ದೋತುನ್ ಮೂರು ಸಲ ಸೋಪು ಹಚ್ಚಿ ಕೈ ತೊಳೆದು ಅತ್ತೆಯ ಪಕ್ಕ ಕೂತು ಎಲೆ ಮಡಚಿದ. ಅವನ ಮೊದಲ ಪೊಟ್ಟಣ ನಾಲ್ಕೂ ಕಡೆ ಸೋರಿತು.

"ಎಷ್ಟು ಮೂಲೆ ಮಾಡಿದೀರಿ ಅಳಿಯಂದ್ರೇ, ಹನ್ನೆರಡಾ?" ಎಂದರು ಅತ್ತೆ.

ಶನಿವಾರ ಬೆಳಿಗ್ಗೆ ಕಾರು ಬೆಕ್ಕಿನಂತೆ ಸದ್ದಿಲ್ಲದೆ ಬೊಡಿಜಾ ತಲುಪಿತು. ಪಾತ್ರೆಗಳು ಖಾಲಿಯಾಗಿ ಮರಳಿದವು, ಜೊತೆಗೆ ಇನ್ನೆರಡು ಮನೆಯ ಆರ್ಡರು.

ಈಗ ಆ ಬೀದಿಯಲ್ಲಿ ಯಾರು ಪಾನಾ ಕೊಳ್ಳಬೇಕೆಂದರೂ ಟೋಕುನ್ಬೋಳನ್ನು ಗೇಟ್ ಪೇಟೆಗೆ ಕರೆದೊಯ್ಯುತ್ತಾರೆ. ಅವಳು ಸಾಕೆಟ್ಟಿನೊಳಗೆ ಇಣುಕಿ ನೋಡಿ ಬೇಕು, ಬೇಡ ಅನ್ನುತ್ತಾಳೆ. ಕಾರಿನ ಕೆಲಸವೂ ಅವಳದೇ. ದೋತುನ್ ವಾರವಿಡೀ ಭೂಗೋಳ ಕಲಿಸುತ್ತಾನೆ, ಶನಿವಾರ ಬೆಳಿಗ್ಗೆ ಮೊಯಿನ್‌ಮೊಯಿನ್‌ಗೆ ಎಲೆ ಕಟ್ಟುತ್ತಾನೆ. ಈಗ ಸೋರುವುದಿಲ್ಲ.